ಎರಡನೇ ಕೂಗಿಗೆ ಓ ಎನ್ನುತ್ತಿದ್ದವರು

ಅವರನ್ನು ಎರಡು ಸಲ ಕರೆಯಬೇಕಿತ್ತು. ಒಂದು ಸಲ ಕರೆದರೆ ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ ತಲೆ ಮೇಲೇಳುತ್ತಿರಲಿಲ್ಲ. ಎರಡನೆಯ ಸಲ ಕರೆದ ಮೇಲೆ, ಆಗಷ್ಟೇ ಕೇಳಿಸಿತೆಂಬಂತೆ, ನಿಧಾನಕ್ಕೆ "ಓ" ಎನ್ನುತ್ತಿದ್ದರು. ನಾನು ಆ ಆಸ್ಪತ್ರೆಗೆ ಸೇರಿದ ಮೊದಲ ವಾರ, ಪಾಪ, ಕಿವಿ ಮಂದವಿರಬೇಕು ಎಂದುಕೊಂಡೆ. ಎರಡನೆಯ ವಾರ, ಮಂದವಲ್ಲ, ಕೊಬ್ಬು ಎಂದುಕೊಂಡೆ. ಆಗ ನನಗೆ ಇಪ್ಪತ್ತೆಂಟು ವರ್ಷ. ಮಂಗಳೂರಿನಲ್ಲಿ ಓದು ಮುಗಿಸಿದ, ದಾವಣಗೆರೆ ಕಡೆಯ ಹುಡುಗಿ. ಕರೆದ ಕೂಡಲೇ ಜನ ಓಡಿ ಬರಬೇಕೆಂಬ ಹಮ್ಮು ಮೈತುಂಬ ಇತ್ತು.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ನಾಲ್ಕೈದು ಎಸ್ಟೇಟಿನವರು ಸೇರಿ ನಡೆಸುತ್ತಿದ್ದ ಇಪ್ಪತ್ತು ಹಾಸಿಗೆಯ ಆಸ್ಪತ್ರೆ ಅದು. ತೊಂಬತ್ತರ ದಶಕದ ಮೊದಲ ವರ್ಷಗಳು. ಡಾಕ್ಟರೆಂದರೆ ನಾನೊಬ್ಬಳೇ, ಲ್ಯಾಬೆಂದರೆ ಅವರೊಬ್ಬರೇ. ಎಲ್ಲರೂ ಅವರನ್ನು ಲ್ಯಾಬಿನವರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ನಲವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ, ಬೇಸಿಗೆಯಲ್ಲೂ ಕೊರಳಿಗೊಂದು ಮಫ್ಲರ್. ಫೋನಿಗೂ ಅವರದು ಅದೇ ನಿಯಮ. ಬಡಿದುಕೊಂಡು ಸುಮ್ಮನಾಗುವವರೆಗೆ ಅದನ್ನು ನೋಡುತ್ತಾ ಕೂರುತ್ತಿದ್ದರು. ಮತ್ತೆ ಬಡಿದುಕೊಂಡರೆ ಎತ್ತುತ್ತಿದ್ದರು.

ಒಂದು ದಿನ ನಾನು ಸಿಟ್ಟು ತಡೆಯಲಾರದೆ ಹಿರಿಯ ಸಿಸ್ಟರ್ ಹತ್ತಿರ ಗೊಣಗಿದೆ. ಆಕೆ ಹೊರಗೆ ನೋಡಿ, ದನಿ ತಗ್ಗಿಸಿ ಹೇಳಿದರು.

"ಅವ್ರ ಊರ ಕಡೆ ಹಾಗೇ ಡಾಕ್ಟ್ರಮ್ಮ. ಕಳಸದಿಂದ ಆಚೆ, ಕಾಡಿನ ಒಳಗೆ ಮನೆ. ಅಲ್ಲಿ ಒಂದೇ ಕೂಗಿಗೆ ಯಾರೂ ಓ ಅನ್ನೋದಿಲ್ಲ. ಮನುಷ್ಯರಾದ್ರೆ ಎರಡನೇ ಸಲ ಕರೀತಾರೆ. ಅದು ಒಂದೇ ಸಲ ಕರೆಯೋದು."

"ಅದು ಅಂದ್ರೆ ಯಾವುದು?"

"ಅದೇ," ಎಂದು ಸಿಸ್ಟರ್ ಟ್ರೇ ಎತ್ತಿಕೊಂಡು ಹೋದರು.

ಬಯಲುಸೀಮೆಯವಳಾದ ನನಗೆ ನಗು ಬಂತು. ಆದರೆ ಅಲ್ಲಿ ನಡುಮಧ್ಯಾಹ್ನವೇ ಮಂಜು ಇಳಿದು, ಎದುರಿನ ಸಿಲ್ವರ್ ಓಕ್ ಮರ ಕಾಣದೆ ಹೋಗುವುದನ್ನು ಒಂದೆರಡು ಸಲ ನೋಡಿದ ಮೇಲೆ ನಗು ಕಡಿಮೆಯಾಯಿತು. ಮಂಜಿನೊಳಗೆ ದನಿಗೆ ದಿಕ್ಕಿರುವುದಿಲ್ಲ. ಎಲ್ಲೋ ತೋಟದಲ್ಲಿ ಕೆಲಸದವರು ಕರೆದದ್ದು ಕಿವಿಯ ಪಕ್ಕದಲ್ಲೇ ಕೇಳುತ್ತದೆ. ನಾನೂ ಗೊತ್ತಿಲ್ಲದೆಯೇ ಎರಡನೆಯ ಕೂಗಿಗೆ ಕಾಯುವುದನ್ನು ಕಲಿತೆ.

ಅವರ ಕೆಲಸದ ಬಗ್ಗೆ ಮಾತ್ರ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆ ಗುಡ್ಡಗಳಲ್ಲಿ ಒಂದೇ ಹೆಸರಿನ ಹತ್ತು ಜನ ಸಿಗುತ್ತಾರೆ. ಹಾಗಾಗಿ ಟ್ಯೂಬಿನ ಚೀಟಿಯ ಮೇಲೆ ರೋಗಿಯ ಹೆಸರು, ಅಪ್ಪನದೋ ಗಂಡನದೋ ಹೆಸರು, ಎಸ್ಟೇಟಿನ ಹೆಸರು ಮೂರನ್ನೂ ಬರೆದು, ಗಟ್ಟಿಯಾಗಿ ಎರಡು ಸಲ ಓದಿ, ಆಮೇಲೆ ಮುಚ್ಚಳ ಹಾಕುತ್ತಿದ್ದರು. ನಮ್ಮಲ್ಲಿ ಆಗದ ಪರೀಕ್ಷೆಗಳ ರಕ್ತ ಮಂಗಳೂರಿಗೆ ಹೋಗಬೇಕಿತ್ತು. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಟ್ಯೂಬುಗಳನ್ನಿಟ್ಟು, ಘಾಟಿ ಇಳಿಯುವ ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, "ಎಂಜಿನ್ ಹತ್ರ ಇಡ್ಬೇಡ ಮಾರಾಯ, ಬೆಂದು ಹೋಗ್ತದೆ" ಎಂದು ದಿನಾ ಹೇಳುತ್ತಿದ್ದರು. ಮೂರು ನಾಲ್ಕು ದಿನಕ್ಕೆ ರಿಪೋರ್ಟಿನ ಕವರು ಅದೇ ಬಸ್ಸಿನಲ್ಲಿ ಗುಡ್ಡ ಹತ್ತಿ ಬರುತ್ತಿತ್ತು.

ಆ ಮೂರು ನಾಲ್ಕು ದಿನ ನನ್ನನ್ನು ಹೆದರಿಸುತ್ತಿತ್ತು. ಮಂಗಳವಾರ ತೀರಿಕೊಂಡವನ ರಿಪೋರ್ಟು ಗುರುವಾರ ಬಂದು, ಎಲ್ಲ ಸರಿಯಿದೆ ಎನ್ನುತ್ತಿತ್ತು. ನಾನು ಅಂಥ ಕವರುಗಳನ್ನು ಒಡೆಯದೆ ಬಿಸಾಡಿ ಎನ್ನುತ್ತಿದ್ದೆ. ಲ್ಯಾಬಿನವರು ಒಡೆದು, ಬದುಕಿರುವವರದನ್ನು ಬರೆಯುವಷ್ಟೇ ದುಂಡಗೆ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು.

"ಸತ್ತವರದು ಯಾಕೆ ಬರೀತೀರಿ?"

"ಕಳಿಸಿದ್ದು ವಾಪಸ್ ಬಂತಲ್ಲ ಡಾಕ್ಟ್ರಮ್ಮ. ಬಂದದ್ದನ್ನ ಬರ್ಕೊಳ್ಳದೆ ಇದ್ರೆ ಆಗ್ತದಾ?"

ನಾನು ಸೇರಿದ ವರ್ಷವೇ ಒಬ್ಬ ಮೇಸ್ತ್ರಿ ಬಂದ. ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಮೇಲ್ವಿಚಾರಣೆ ಮಾಡುತ್ತಿದ್ದ ಗಟ್ಟಿ ಆಳು. ಎರಡೂ ಕಡೆ ಪುಪ್ಪುಸಕ್ಕೆ ನ್ಯುಮೋನಿಯಾ ಹಿಡಿದಿತ್ತು. ನಾಲ್ಕನೆಯ ದಿನ ಅವನ ಮುಖ ಊದಿತು, ಕೈಕಾಲು ತಣ್ಣಗಾಯಿತು. ಮಾತು ಬಾವಿಯ ತಳದಿಂದ ಬಂದಂತೆ ನಿಧಾನವಾಗಿ, ದಪ್ಪವಾಗಿ ಬರತೊಡಗಿತು. ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. "ಇದು ಅವ್ರ ದನಿ ಅಲ್ಲ," ಎಂದಳು. ಮನೆಯವರು ಊರಿನ ದೈವಕ್ಕೆ ಹೇಳಿಕೊಳ್ಳಲು ಹೋದರು. ನಾನು ಮಾತ್ರ ಒಳಗೊಳಗೇ ಹಿಗ್ಗಿದೆ. ಊದಿದ ಮುಖ, ತಣ್ಣನೆಯ ಚರ್ಮ, ಒಡೆದ ದನಿ, ಇದು ಥೈರಾಯಿಡ್ ಅಲ್ಲದೆ ಇನ್ನೇನು? ಮೈಯ ವೇಗವನ್ನು ಹಿಡಿದಿಡುವ, ಕುತ್ತಿಗೆಯೊಳಗಿನ ಆ ಪುಟ್ಟ ಗ್ರಂಥಿ ಕೈಕೊಟ್ಟಿದೆ! ರಕ್ತ ಕಳಿಸಿದೆ. ರಿಪೋರ್ಟೂ ನನ್ನ ಪರವಾಗಿಯೇ ಬಂತು. ಆ ಗ್ರಂಥಿಯ ಎರಡು ಹಾರ್ಮೋನುಗಳಲ್ಲಿ ಟಿ-ತ್ರೀ ಇಲ್ಲವೆನ್ನುವಷ್ಟು ಕಡಿಮೆ, ಟಿ-ಫೋರ್ ಕಡಿಮೆ. ಥೈರಾಯಿಡ್ ಮಾತ್ರೆ ಬರೆದು ಸಿಸ್ಟರಿಗೆ ಕೊಟ್ಟೆ.

ಐದು ನಿಮಿಷದಲ್ಲಿ ಲ್ಯಾಬಿನವರು ರಿಜಿಸ್ಟರನ್ನು ಎದೆಗವಚಿಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದರು.

"ಡಾಕ್ಟ್ರಮ್ಮ, ಕೆಳಗಿನ ಸಾಲು ನೋಡಿದ್ರಾ? ಟಿ.ಎಸ್.ಎಚ್."

"ನೋಡಿದೆ. ನಾರ್ಮಲ್."

"ಅದೇ ನಾನು ಹೇಳೋದು. ಗ್ರಂಥಿ ಕೆಟ್ಟಿದ್ರೆ ಮೆದುಳಿನಿಂದ ಕೂಗು ಜೋರಾಗ್ಬೇಕಿತ್ತು, ಟಿ.ಎಸ್.ಎಚ್. ಏರ್ಬೇಕಿತ್ತು. ಇಲ್ಲಿ ಮೇಲಿನವ್ರೂ ಕರೀತಾ ಇಲ್ಲ, ಕೆಳಗಿನವ್ರೂ ಓ ಅಂತಿಲ್ಲ. ಇದು ಕೆಟ್ಟಿರೋದಲ್ಲ. ಸುಮ್ಮನೆ ಇರೋದು."

"ನೀವು ರಕ್ತ ನೋಡಿ. ರೋಗೀನ ನಾನು ನೋಡ್ಕೊಳ್ತೀನಿ."

ಅವರು ಹೋಗಲಿಲ್ಲ. "ಮೈಗೆ ಕಂಟಕ ಬಂದಾಗ ಅದು ಅಡಗಿ ಕೂರ್ತದೆ. ಒಂದು ರಿಪೋರ್ಟ್ ಅಂದ್ರೆ ಒಂದು ಕೂಗು. ಜ್ವರ ಬಿಟ್ಟು ಒಂದೂವರೆ ತಿಂಗಳಾದ್ಮೇಲೆ ಇನ್ನೊಂದ್ಸಲ ನೋಡಿ. ಆಗ್ಲೂ ಹೀಗೇ ಇದ್ರೆ ನಾವು ಓ ಅನ್ನೋಣ."

ಕಾಂಪೌಂಡರನಂಥವರಿಂದ ಪಾಠ ಹೇಳಿಸಿಕೊಳ್ಳುವ ಗತಿ ಬಂತಲ್ಲ ಎಂದು ಉರಿದುಹೋದೆ. ಅವರ ಬಾಯಿ ಮುಚ್ಚಿಸಲೆಂದೇ ಮಂಗಳೂರಿನ ನನ್ನ ಪ್ರೊಫೆಸರರಿಗೆ ಫೋನು ಹಚ್ಚಿದೆ. ಅವರು ನಕ್ಕರು. "ಇಷ್ಟು ಸೀರಿಯಸ್ ಇರೋವಾಗ ಥೈರಾಯಿಡ್ ಯಾಕಮ್ಮ ನೋಡಿದೆ? ದೊಡ್ಡ ಕಾಯಿಲೆ ಯಾವುದೇ ಇರಲಿ, ದೇಹ ತಾನಾಗಿ ಆ ಹಾರ್ಮೋನು ಇಳಿಸಿಕೊಳ್ಳುತ್ತೆ. ಮಾತ್ರೆ ಕೊಟ್ಟರೆ ಉಪಯೋಗ ಆಗತ್ತೆ ಅಂತ ಯಾರೂ ತೋರಿಸಿಲ್ಲ. ಹೃದಯಕ್ಕೆ ಚಾಟಿ ಬೀಸಿದಂತಾಗಬಹುದು. ನ್ಯುಮೋನಿಯಾ ನೋಡು, ಸಾಕು." ಬರೆದ ಚೀಟಿಯನ್ನು ವಾಪಸು ತೆಗೆದುಕೊಂಡು ನಾನೇ ಹರಿದೆ. ಮೇಸ್ತ್ರಿ ಎದ್ದ. ಒಂದೂವರೆ ತಿಂಗಳ ಮೇಲೆ ನೋಡಿದರೆ ಎಲ್ಲ ಅಂಕಿಗಳೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು.

ಅಲ್ಲಿಂದ ಮುಂದೆ ನಮ್ಮಿಬ್ಬರಿಗೆ ಸಲಿಗೆ ಬೆಳೆಯಿತು. ವಿಚಿತ್ರ ರಿಪೋರ್ಟು ಬಂದಾಗಲೆಲ್ಲ "ಲ್ಯಾಬಿನವರೇ, ಒಂದು ಕೂಗೋ ಎರಡೋ?" ಎಂದು ರೇಗಿಸುತ್ತಿದ್ದೆ. ಅವರು ನಗುತ್ತಿರಲಿಲ್ಲ. ಈ ವಿಷಯದಲ್ಲಿ ಅವರು ಯಾವತ್ತೂ ನಗಲಿಲ್ಲ.

ಅವರ ಮನೆ ಆಸ್ಪತ್ರೆಯ ಹಿಂದೆ, ತೋಟದ ಕಾಲುದಾರಿಯಲ್ಲಿ ಹತ್ತು ನಿಮಿಷ. ಮಕ್ಕಳಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಅವರ ಹೆಂಡತಿ ಬೇಲಿಯ ಹತ್ತಿರದವರೆಗೆ ಬಂದು "ರೀ..." ಎಂದು ಕರೆಯುತ್ತಿದ್ದರು. ಒಂದಿಷ್ಟು ಬಿಟ್ಟು ಮತ್ತೆ "ರೀ..." ಎನ್ನುತ್ತಿದ್ದರು. ಆಗ ಲ್ಯಾಬಿನಿಂದ "ಓ" ಬರುತ್ತಿತ್ತು, ಇವರು ಏಪ್ರನ್ ಬಿಚ್ಚಿಟ್ಟು ಊಟಕ್ಕೆ ಹೊರಡುತ್ತಿದ್ದರು. ವಾರ್ಡಿನ ರೋಗಿಗಳು ಆ ಕೂಗಿನ ಮೇಲೆ ಹೊತ್ತು ಹೇಳುತ್ತಿದ್ದರು. ನಾನು ಒಮ್ಮೆ ಆಕೆಯನ್ನು ಕೇಳಿದ್ದೆ, ಮದುವೆಯಾಗಿ ಇಷ್ಟು ವರ್ಷವಾದರೂ ನಿಮ್ಮ ದನಿ ಗುರುತು ಸಿಗೋದಿಲ್ವಾ ಅವರಿಗೆ ಎಂದು.

"ಗುರುತು ಸಿಗ್ತದೆ. ಅದಕ್ಕೇ ಹೆಚ್ಚು ಹುಷಾರು ಅವ್ರಿಗೆ," ಎಂದರು ಆಕೆ. "ಗುರುತಿನ ದನಿಯಲ್ಲೇ ಕರೆಯೋದಂತೆ ಅದು. ಓ ಅಂದ್ರೆ ಒಳಗೆ ಬಂದು ಮನೆಯವ್ರಲ್ಲಿ ಒಬ್ರನ್ನ ಕರ್ಕೊಂಡು ಹೋಗ್ತದಂತೆ."

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಾಫಿ ಕುಯ್ಲಿನ ಸಮಯ. ಆಕೆಗೆ ಕೆಮ್ಮು ಜ್ವರವೆಂದು ಶುರುವಾದದ್ದು ನೋಡುನೋಡುತ್ತಿದ್ದಂತೆ ಮೇಸ್ತ್ರಿಗೆ ಬಂದದ್ದಕ್ಕಿಂತ ಕೆಟ್ಟದಾಗಿ ಪುಪ್ಪುಸವನ್ನು ತುಂಬಿತು. ಸೋಂಕು ರಕ್ತಕ್ಕಿಳಿಯಿತು. ಮಂಗಳೂರಿಗೆ ಕರೆದೊಯ್ಯೋಣವೆಂದರೆ, ಘಾಟಿ ಇಳಿಯುವುದರೊಳಗೆ ಆಗಬಾರದ್ದು ಆಗಬಹುದು, ಅಲ್ಲೇ ಇಟ್ಟುಕೊಳ್ಳಿ ಎಂದರು ಪ್ರೊಫೆಸರ್. ವಾರ್ಡಿನ ಪಕ್ಕದ ರೂಮಿನಲ್ಲಿ ಮಲಗಿಸಿ ಆಮ್ಲಜನಕ ಹಚ್ಚಿದೆವು, ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದೆವು. ಎರಡನೆಯ ದಿನಕ್ಕೇ ಪ್ರಜ್ಞೆ ತಪ್ಪಿತ್ತು. ಕೈಗಳು ತಣ್ಣಗೆ, ಮುಖ ಊದಿಕೊಂಡು, ಅವರೇ ಅಲ್ಲವೆನ್ನುವಂತಿದ್ದರು. ಬೇರೆ ರಕ್ತಪರೀಕ್ಷೆಗಳ ಜೊತೆ ಥೈರಾಯಿಡೂ ಇರಲಿ ಎಂದು ಕಳಿಸಿದೆ. ಬೇಡವಾಗಿತ್ತು. ತಿಳಿದೂ ಮಾಡಿದ್ದು ನನ್ನ ತಪ್ಪು, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಐದನೆಯ ದಿನ ರಿಪೋರ್ಟು ಬಂತು. ಟಿ-ತ್ರೀ ಇಲ್ಲ, ಟಿ-ಫೋರ್ ತಳ ಮುಟ್ಟಿತ್ತು. ಲ್ಯಾಬಿನವರು ತಾವೇ ಕವರು ಒಡೆದು, ರಿಜಿಸ್ಟರಿನಲ್ಲಿ ಬರೆದು, ನನಗೆ ತಂದು ತೋರಿಸಿದರು.

"ಒಂದೇ ಕೂಗು ಡಾಕ್ಟ್ರಮ್ಮ," ಎಂದರು. "ಕಾಯೋಣ."

ಅವತ್ತೇ ಮಧ್ಯಾಹ್ನ. ಹೊರಗೆ ಮಂಜು ಕಿಟಕಿಯವರೆಗೆ ಬಂದಿತ್ತು. ನಾನು ಆಕೆಯ ಮಂಚದ ಬಳಿ ನಿಂತು ಕೇಸ್ ಶೀಟ್ ಬರೆಯುತ್ತಿದ್ದೆ. ಲ್ಯಾಬಿನವರು ಸ್ಟೂಲಿನ ಮೇಲೆ ಕೂತು ಹೆಂಡತಿಯ ಪಾದ ಉಜ್ಜುತ್ತಿದ್ದರು. ಬೇಲಿಯ ಕಡೆಯಿಂದ ಕೂಗು ಕೇಳಿತು.

"ರೀ..."

"ಓ," ಎಂದರು ಅವರು.

ಯೋಚಿಸದೆ, ತಲೆಯೆತ್ತದೆ, ಪಾದ ಉಜ್ಜುತ್ತಲೇ. ಆಮೇಲೆ ಅವರ ಕೈ ನಿಂತಿತು. ನಾವಿಬ್ಬರೂ ಮಂಚದ ಮೇಲಿದ್ದವರ ಮುಖ ನೋಡಿದೆವು. ತುಟಿ ಮುಚ್ಚಿಯೇ ಇತ್ತು. ಗಡಿಯಾರದಲ್ಲಿ ಒಂದು ಗಂಟೆ. ನಾನು ಕಿವಿಗೊಟ್ಟು ಕಾಯುತ್ತಾ ನಿಂತೆ, ಅವರೂ ಕಾದರು. ಎರಡನೆಯ ಕೂಗು ಬರಲಿಲ್ಲ. ನಾನು ಹೊರಗೆ ಹೋಗಿ ನೋಡಿದೆ. ಬೇಲಿಯ ಹತ್ತಿರ ಯಾರೂ ಇರಲಿಲ್ಲ. ಕುಯ್ಲಿನವರಲ್ಲಿ ಯಾರೋ ಗಂಡನನ್ನು ಊಟಕ್ಕೆ ಕರೆದಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಇವತ್ತಿಗೂ ಹಾಗೇ ಹೇಳಿಕೊಳ್ಳುತ್ತೇನೆ. ಆದರೆ ನಾನು ಕೇಳಿದ್ದು ಆಕೆಯ ದನಿ.

ಸಂಜೆ ಅವರು ನನ್ನ ರೂಮಿಗೆ ಬಂದರು. ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಅವರ ಬರಿಯ ಕೊರಳನ್ನು ನಾನು ನೋಡಿದ್ದು ಅದೇ ಮೊದಲು.

"ಡಾಕ್ಟ್ರಮ್ಮ, ಮಾತ್ರೆ ಶುರು ಮಾಡುವ."

"ಲ್ಯಾಬಿನವರೇ, ನೀವೇ ನನಗೆ ಕಲಿಸಿದ್ದು."

"ಕಲಿಸಿದ್ದೆ. ಆದ್ರೆ ಇವತ್ತು ನಾನು ಓಗೊಟ್ಟುಬಿಟ್ಟೆ. ನೀವೂ ಕೇಳಿದ್ರಲ್ಲ. ಇನ್ನು ಕಾಯೋ ಹಾಗಿಲ್ಲ. ಬಾಗಿಲು ತೆಗೆದಾಗಿದೆ. ಅವಳನ್ನ ಬೇಗ ಎಬ್ಬಿಸ್ಬೇಕು."

ನನಗೆ ಅಳು ಬಂತು. ಆದರೂ ಆಗುವುದಿಲ್ಲ ಎಂದೆ. ಹೃದಯ ತಡೆಯುವುದಿಲ್ಲ ಎಂದೆ. ಪ್ರೊಫೆಸರು ಹೇಳಿದ್ದನ್ನೇ ಮತ್ತೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರಿ ಡಾಕ್ಟ್ರಮ್ಮ" ಎಂದು ಎದ್ದು ಹೋದರು.

ಮುಂದಿನ ದಿನಗಳಲ್ಲಿ ನಳಿಗೆಯಿಂದ ಗಂಜಿತಿಳಿ ಕೊಡುವ ಕೆಲಸವನ್ನು ಅವರು ಸಿಸ್ಟರುಗಳಿಗೆ ಬಿಡಲಿಲ್ಲ, ತಾವೇ ಮಾಡಿದರು. ಹೆಂಡತಿಯ ಮೇಲಿನ ಅಕ್ಕರೆ ಎಂದುಕೊಂಡೆವು. ಅಕ್ಕರೆಯೇ ಹೌದು. ಎಂಟನೆಯ ದಿನ ಅವರು ಬಾಗಿಲಲ್ಲಿ ನಿಂತು "ಕೈ ಬೆಚ್ಚಗಾಯ್ತು" ಎಂದರು. ಹೋಗಿ ಮುಟ್ಟಿದೆ, ನಿಜವಾಗಿಯೂ ಬೆಚ್ಚಗಿತ್ತು. ಆಕೆ ಕಣ್ಣು ತೆರೆದಿದ್ದರು. ಅಗಲವಾಗಿ ತೆರೆದ, ಹೊಳೆಯುವ ಕಣ್ಣುಗಳು. ನಮ್ಮನ್ನು ನೋಡುತ್ತಿರಲಿಲ್ಲ, ನಮ್ಮ ಹಿಂದಿನ ಬಾಗಿಲನ್ನು ನೋಡುತ್ತಿದ್ದವು. ನಾಡಿ ಓಡುತ್ತಿತ್ತು, ಲಯ ತಪ್ಪಿ ಓಡುತ್ತಿತ್ತು. ಸೋಂಕು ಏರಿರಬೇಕೆಂದು ಔಷಧಿ ಬದಲಿಸಿದೆ. ಒಂಬತ್ತನೆಯ ದಿನ ನಾನೇ ರಕ್ತ ತೆಗೆದು, ಎಲ್ಲ ಪರೀಕ್ಷೆಯೂ ಇನ್ನೊಮ್ಮೆ ಆಗಲಿ ಎಂದು ಬರೆದು ಅವರ ಕೈಗೆ ಕೊಟ್ಟೆ. ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಂಡತಿಯ ಹೆಸರನ್ನು, ಗಂಡನ ಹೆಸರೆಂದು ತಮ್ಮ ಹೆಸರನ್ನು, ಎಸ್ಟೇಟಿನ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿ, ಮುಚ್ಚಳ ಹಾಕಿ, ಬಸ್ಸಿಗೆ ಕೊಟ್ಟು ಬಂದರು. ಹತ್ತನೆಯ ದಿನ ಬೆಳಿಗ್ಗೆ ಆಕೆ ಹೋದರು.

ಮಂಗಳೂರಿನ ಕವರು ಬಂದಾಗ ಅವರು ಸೂತಕದಲ್ಲಿದ್ದರು. ಅವರ ಕವರುಗಳನ್ನು ಬೇರೆ ಯಾರೂ ಒಡೆಯುತ್ತಿರಲಿಲ್ಲ, ಅದು ಹಾಗೇ ಅವರ ಡ್ರಾಯರಿನಲ್ಲಿ ಬಿತ್ತು. ತಿಥಿ ಮುಗಿಸಿ, ತಲೆ ಬೋಳಿಸಿಕೊಂಡು, ಅವರು ಕೆಲಸಕ್ಕೆ ಬಂದ ದಿನ ಲ್ಯಾಬಿನ ಬಾಗಿಲು ಬಹಳ ಹೊತ್ತು ಮುಚ್ಚಿತ್ತು. ಆಮೇಲೆ ರಿಜಿಸ್ಟರು ತಂದು ನನ್ನ ಮುಂದೆ ಬಿಡಿಸಿಟ್ಟರು. ಅದೇ ದುಂಡನೆಯ ಅಕ್ಷರ. ತಳ ಮುಟ್ಟಿದ್ದ ಟಿ-ಫೋರ್ ಮೇಲಿನ ಗೆರೆ ದಾಟಿ ಹೋಗಿತ್ತು. ಟಿ.ಎಸ್.ಎಚ್. ಪೂರ್ತಿ ಇಲ್ಲವಾಗಿತ್ತು.

ಹದಿನೈದು ದಿನದ ಹಿಂದೆ ಬೂದಿಯಾದ ಹೆಂಗಸು ಆ ಸಾಲಿನಲ್ಲಿ ಬಿರುಸಾಗಿ ಓಡುತ್ತಿದ್ದಳು. ಅಡಗಿ ಕೂತ ಗ್ರಂಥಿ ಮೂರು ನಾಲ್ಕು ದಿನದಲ್ಲಿ ಹಾಗೆ ಏಳುವುದಿಲ್ಲ. ಹೊರಗಿನಿಂದ ಯಾರೋ ಕೊಡಬೇಕು, ಅದೂ ಹಿಡಿಹಿಡಿಯಾಗಿ. ಔಷಧಿಯ ಕಪಾಟಿನಲ್ಲಿ ಥೈರಾಯಿಡ್ ಮಾತ್ರೆಯ ಸೀಸೆ ಇತ್ತು. ಅದರಲ್ಲಿ ಎಷ್ಟು ಉಳಿದಿದೆಯೆಂದು ನಾನು ನೋಡಲು ಹೋಗಲಿಲ್ಲ. ಆ ರಕ್ತವನ್ನು ಸಿಂಕಿಗೆ ಸುರಿದು, ಟ್ಯೂಬು ಒಡೆಯಿತೆಂದು ಅವರು ಹೇಳಬಹುದಿತ್ತು. ಹೇಳಿರಲಿಲ್ಲ. ಈಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನು ಹೇಳುತ್ತೇನೋ ಅದರ ಮೇಲೆ ಆ ಮನುಷ್ಯ ಬದುಕಬೇಕಿತ್ತು.

"ಟ್ಯೂಬು ಅದಲುಬದಲಾಗಿದೆ," ಎಂದೆ. "ಬೇರೆ ಯಾರದೋ ರಿಪೋರ್ಟು ಇದು."

"ಅದಲುಬದಲಾ?"

"ಹೌದು. ಆಕೆಗೆ ಇದ್ದದ್ದು ಸೋಂಕು. ಅದರಿಂದ ಹೋದರು."

ಅವರು ಪೆನ್ನು ತೆಗೆದರು. ಆ ಸಾಲಿನ ಮುಂದೆ, "ಸ್ಯಾಂಪಲ್ ಅದಲುಬದಲು, ನನ್ನಿಂದ ಆದ ತಪ್ಪು" ಎಂದು ಬರೆದು ಸಹಿ ಹಾಕಿದರು. ಒಂದೇ ಒಂದು ಚೀಟಿಯೂ ತಪ್ಪದ ಕೈ ಅದು. ನಾನು ಕೊಟ್ಟ ಸುಳ್ಳನ್ನು ಅವರು ತಮ್ಮ ಹೆಸರಿನಲ್ಲಿ ಬರೆದುಕೊಳ್ಳುವುದನ್ನು ನೋಡಿದೆ, ತಡೆಯಲಿಲ್ಲ.

ಆಮೇಲೆ ಎಂಟು ವರ್ಷ ನಾವು ಒಟ್ಟಿಗೆ ಕೆಲಸ ಮಾಡಿದೆವು. ಆ ಮಾತು ಒಮ್ಮೆಯೂ ಬರಲಿಲ್ಲ. ಥೈರಾಯಿಡ್ ಪರೀಕ್ಷೆ ಮೂಡಿಗೆರೆಯಲ್ಲೇ ಆಗುವ ಕಾಲ ಬಂತು, ಬೆಳಿಗ್ಗೆ ಕೊಟ್ಟರೆ ಸಂಜೆಗೆ ರಿಪೋರ್ಟು. ನಿವೃತ್ತಿಯಾದ ಮೇಲೆ ಅವರು ಕಳಸದ ಕಡೆ ತಮ್ಮನ ಮನೆಗೆ ಹೋದರು. ಹೃದಯ ಸೋತಿದೆ, ಕಾಲು ಊದಿದೆ ಎಂದು ತಿಳಿದು, ಹೊರನಾಡಿಗೆ ಹೋಗುವ ಜೀಪಿನಲ್ಲಿ ಜಾಗ ಹಿಡಿದು ನೋಡಲು ಹೋದೆ.

ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ನಾಡಿ ಹಿಡಿದೆ, ಪಾದ ಒತ್ತಿ ನೋಡಿದೆ, ಏನೇನೋ ಧೈರ್ಯ ಹೇಳಿದೆ. ಇಷ್ಟು ವರ್ಷವೂ ನಾನು ಒಂದು ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಮಾತ್ರೆಯಿಂದಲೇ ಹೋದಳಾ ಎಂದು ಅವರು ಕೇಳಿದರೆ, ಗೊತ್ತಿಲ್ಲ, ಮಾತ್ರೆ ಕೊಡದಿದ್ದರೂ ಆ ಸೋಂಕಿನಿಂದ ಹೋಗುತ್ತಿದ್ದರೇನೋ, ನಿಜವಾಗಿ ಗೊತ್ತಿಲ್ಲ ಎಂದು ಹೇಳಬೇಕು. ಅದೇ ಸತ್ಯ. ಆದರೆ ಅವರು ಅದನ್ನು ಕೇಳಲಿಲ್ಲ.

"ಡಾಕ್ಟ್ರಮ್ಮ, ನನ್ನ ಜಾಗದಲ್ಲಿ ನೀವು ಇದ್ದಿದ್ರೆ ಕೊಡ್ತಿದ್ರಾ?"

ನಾನು ಡಾಕ್ಟರಾಗಿ ಯೋಚಿಸಲು ಹೋದೆ. ಆಗಲಿಲ್ಲ. ಆ ಸ್ಟೂಲು, ಆ ತಣ್ಣನೆಯ ಪಾದ, ಕೈಗೆಟುಕುವ ಕಪಾಟಿನಲ್ಲಿದ್ದ ಸೀಸೆ ಕಣ್ಣ ಮುಂದೆ ಬಂದವು.

"ಕೊಡ್ತಿದ್ದೆ," ಎಂದೆ.

ಅವರು ನನ್ನ ಕೈ ತಟ್ಟಿದರು. ಬಹಳ ಪ್ರೀತಿಯಿಂದ, ಮಗುವಿಗೆ ತಟ್ಟುವ ಹಾಗೆ.

"ನಿಮಗೆ ಸುಳ್ಳು ಹೇಳೋಕೆ ಬರೋದಿಲ್ಲ," ಎಂದರು. "ಅವತ್ತೂ ಬರ್ಲಿಲ್ಲ."

ಸುಳ್ಳಲ್ಲ, ನಿಜ ಎಂದೆ. ಆಣೆ ಇಟ್ಟೆ. ಅವರು ಇರಲಿ ಬಿಡಿ ಎಂಬಂತೆ ತಲೆಯಾಡಿಸಿ, ತಮ್ಮನ ಹೆಂಡತಿಯನ್ನು ಕರೆದು ನನಗೆ ಕಾಫಿ ತರಲು ಹೇಳಿದರು. ಮೂರು ವಾರಕ್ಕೆ ಅವರು ಹೋದ ಸುದ್ದಿ ಬಂತು. ಆ ಸಾವಿನ ಬಗ್ಗೆ ಅವರಿಗೆ ನಾನು ಹೇಳಿದ ಒಂದೇ ಒಂದು ನಿಜವನ್ನು ಅವರು ನಂಬದೇ ಹೋದರು.